ಇಪ್ಪತ್ತಮೂರು ಕೇಜಿ

ಬೆಲ್ಲದ ಮಂಡಿಯ ತೂಕದ ಹಲಗೆ ಮೇಲೆ
ನನ್ನ ಪೆಟ್ಟಿಗೆ ಕೂತಿದೆ. ನೀಲಿ. ಗಾಲಿ ನಾಲ್ಕು.
ಬೆಲೆಚೀಟಿಯ ದಾರ ಇನ್ನೂ ಕಿತ್ತಿಲ್ಲ.
ಇತ್ತ ಅಚ್ಚುಬೆಲ್ಲ, ಅತ್ತ ಬಕೆಟ್ ಬೆಲ್ಲ,
ನಡುವೆ ಹನ್ನೊಂದು ದಿನದ ಟರ್ಕಿ.
"ಇಪ್ಪತ್ತಾರೂವರೆ," ಅಂದ ದ್ಯಾವಣ್ಣ,
ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು ಮುಟ್ಟದೆ.
"ಮೂರೂವರೆ ಇಳೀಬೇಕು ಮೇಡಮ್ಮೋರೆ. ಬಿಚ್ಚಿ."

ಇಪ್ಪತ್ತೆಂಟು ವರ್ಷ ಈ ಊರಿನ ಹೆಣ್ಣುಮಕ್ಕಳಿಗೆ
ಬೋರ್ಡಿನ ಮೇಲೆ ಬರೆದಿದ್ದೇನೆ:
ಮೆಡಿಟರೇನಿಯನ್ ಹವಾಗುಣ, ಚಳಿಗಾಲ ಮಳೆ, ಬೇಸಿಗೆ ಒಣ,
ಆಲಿವ್, ದ್ರಾಕ್ಷಿ, ಅಂಜೂರ. ಐದು ಅಂಕ.
ಅಲ್ಲಿ ಏನು ಉಡುತ್ತಾರೆ ಮಿಸ್ ಎಂದು
ಒಬ್ಬಳೂ ಕೇಳಲಿಲ್ಲ.
ಕೇಳಿದ್ದರೆ ಡಸ್ಟರು ಕುಟ್ಟಿ ಕೂರಿಸುತ್ತಿದ್ದೆ.

ಈಗ ನಾನೇ ಕೇಳಿಕೊಂಡು ತಿಂಗಳು ನಿದ್ದೆಗೆಟ್ಟೆ.
ಮಸೀದಿಗೆ ತಲೆವಸ್ತ್ರ, ಮುಂಜಾವದ ಬಲೂನಿಗೆ ಉಣ್ಣೆ,
ಕಲ್ಲುಹಾದಿಗೆ ಬೂಟು,
ಹಡಗಿನ ರಾತ್ರಿಯೂಟಕ್ಕೆ ಏನೋ ಒಂದಿಷ್ಟು ಮಿನುಗು.
"ಎರಡು ಪ್ಯಾಂಟು, ಐದು ಅಂಗಿ, ಸಾಕು," ಅಂದಳು
ಚರಿತ್ರೆ ವಿಭಾಗದ ಸುಗುಣಾವತಿ, ದುಬೈ ಕಂಡವಳು,
"ಯಾವುದಕ್ಕೆ ಯಾವುದು ಹಾಕಿದರೂ ಹೊಂದಬೇಕು,
ನಮ್ಮ ಸ್ಟಾಫ್ ರೂಮಿನ ಹಾಗಲ್ಲ."

ಪೇಟೆಬೀದಿಯ ಮುಕ್ತಿಯಾರ್ ಸಾಬರು
ನನ್ನ ಬೂದುಬಣ್ಣದ ಕೈಮಗ್ಗದ ಸೀರೆಗೆ ಕತ್ತರಿ ಇಡುವ ಮುನ್ನ
ಒಮ್ಮೆ ಮುಖ ನೋಡಿದರು. ಹೂಂ ಅಂದೆ.
ಅಂಚು ಮುಂಗೈಗೆ ಬಂತು, ಸೆರಗು ಬೆನ್ನಿಗೆ.
ಉದ್ದ ಕೋಟು, ಮಂಡಿ ದಾಟಿ ನಿಂತದ್ದು.
ಒಳಜೇಬು ಒಂದು ಕೇಳಿದ್ದೆ, ಎರಡು ಹೊಲಿದಿದ್ದರು.
"ಒಂದು ಪಾಸ್‌ಪೋರ್ಟಿಗೆ," ಅಂದರು.
ಇನ್ನೊಂದು ಯಾಕೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.
ಕನ್ನಡಿಯಲ್ಲಿದ್ದವಳನ್ನು ಮಾತ್ರ
ನೀವು ಯಾರ ಪೈಕಿ ಅಂತ ಕೇಳಬೇಕೆನಿಸಿತು.

ಗೋಣಿತಾಟಿನ ಮೇಲೆ ಬಿಚ್ಚಿದೆ.
ಹಮಾಲಿಗಳು ಬೀಡಿ ಮರೆತು ನಿಂತರು.
ಇಸ್ತ್ರಿಪೆಟ್ಟಿಗೆ ಇಳಿಯಿತು. ಕೋಡುಬಳೆ ಡಬ್ಬಿ ಇಳಿಯಿತು.
ಎರಡನೇ ಜೊತೆ ಬೂಟು, ಮನಸ್ಸಿಲ್ಲದೆ.
"ನಮ್ಮೋರು ಅಂತ ಅಲ್ಲಿ ಗೊತ್ತಾಗಬೇಡವಾ" ಎಂದು
ಅತ್ತಿಗೆ ತುರುಕಿದ್ದ ಮೈಸೂರು ಸಿಲ್ಕು,
ಲಂಗ ರವಿಕೆ ಸಮೇತ ಹತ್ತಿರ ಹತ್ತಿರ ಒಂದು ಕೇಜಿ ಮರ್ಯಾದೆ,
ಅದೂ ಇಳಿಯಿತು.

ತಳದಲ್ಲಿ ಪೇಪರು ಸುತ್ತಿದ್ದೊಂದು ಜಾರಿ ಬಿಚ್ಚಿಕೊಂಡಿತು.
ಕಪ್ಪು ಈಜುಡುಗೆ.
ಮೈಸೂರಿನ ಅರಸು ರಸ್ತೆಯಲ್ಲಿ ಕೊಂಡದ್ದು,
ಮಗಳಿಗೆ ಅಂತ ಸುಳ್ಳು ಹೇಳಿ.
ಮಗಳಿಲ್ಲ ನನಗೆ.

ಹತ್ತು ತುಂಬುವವರೆಗೆ ವಿ.ಸಿ. ನಾಲೆಯಲ್ಲಿ ಬಿದ್ದಿರುತ್ತಿದ್ದೆ.
ಲಂಗಕ್ಕೆ ಗಾಳಿ ತುಂಬಿ ಕುಂಬಳಕಾಯಿಯಂತೆ ಊದಿ
ನನ್ನನ್ನು ನೀರಿನ ಮೇಲೆ ಎತ್ತಿ ಹಿಡಿಯುತ್ತಿತ್ತು.
ಮೈನೆರೆದ ಮೇಲೆ ನಾಲೆ
ನಕ್ಷೆಯ ಮೇಲಿನ ನೀಲಿ ಗೆರೆ.

ದ್ಯಾವಣ್ಣ ಸೂರು ನೋಡಿದ.
ಹೆಂಚು ಎಣಿಸಿದನೋ ಏನೋ. ಆಮೇಲೆ
"ಇದೇನ್ ತೂಗದು ಮೇಡಮ್ಮೋರೆ,
ನೂರೆಂಬತ್ತು ಗ್ರಾಮೂ ಬರಕ್ಕಿಲ್ಲ. ಇರ್ಲಿ ಬುಡಿ," ಅಂದ.
ಇಪ್ಪತ್ತೆರಡು ಎಂಟುನೂರು.
"ಇನ್ನೂರು ಗ್ರಾಂ ಜಾಗ ಐತೆ," ಎಂದು
ಅಚ್ಚೊಂದು ಮುರಿದು ಕೈಗಿಟ್ಟ.
ಅಲ್ಲೇ ನಿಂತು ತಿಂದೆ.

ರಾತ್ರಿ ಬೀಗ ಹಾಕುವಾಗ
ಇರುವೆಯೊಂದು ಬೂಟಿನ ದಾರ ಹತ್ತುತ್ತಿತ್ತು.
ತೂಕಕ್ಕೆ ಬರುವುದಿಲ್ಲ ಎಂದು
ಬಿಟ್ಟೆ.