ಬಿಳಿ ಕಾಗದದ ಕೆಳಗೆ

ಓಲ್ಡಮ್ಮಿನ ಕೀತ್ ಒಲೆರೆನ್‌ಶಾ ಬಳಿ ಒಂದು ತಟ್ಟೆಯಿತ್ತು.
ಏಳಂಗುಲ. ನಡುವೆ ದೊಡ್ಡ ತೂತು.
ಎರಡು ನಿಮಿಷ ಹದಿನೆಂಟು ಸೆಕೆಂಡು.
ಲೋಕದಲ್ಲಿ ಇನ್ನೊಂದಿಲ್ಲ ಎನ್ನುತ್ತಿದ್ದ,
ಇದ್ದರೂ ಯಾವುದೋ ನೆಲಮಾಳಿಗೆಯಲ್ಲಿ ಸೊಟ್ಟಗಾಗಿ
ಹಪ್ಪಳವಾಗಿರುತ್ತದೆ ಎನ್ನುತ್ತಿದ್ದ.

ಎಪ್ಪತ್ತಾರರಲ್ಲಿ ಸಾಲ ಮಾಡಿ ಡೆಟ್ರಾಯಿಟ್‌ಗೆ ಹೋಗಿ
ಬಾಗಿಲು ಹಾಕಿದ್ದ ಷೂ ಅಂಗಡಿಯ ಹಿಂಗೋಣೆಯಲ್ಲಿ
ಇಲಿಹಿಕ್ಕೆ ಕೊಡವಿ ಎತ್ತಿಕೊಂಡು ಬಂದದ್ದು.
ಕೊಟ್ಟದ್ದು ಹತ್ತು ಸೆಂಟು.

ಬಂದವನೇ ಲೇಬಲ್ಲಿನ ಮೇಲೆ ಬಿಳಿ ಕಾಗದ ಮೆತ್ತಿದ.
ಅದರ ಮೇಲೊಂದು ಸುಳ್ಳು ಹೆಸರು:
ಡಡ್ಲಿ ಫ್ರಾಸ್ಟ್ ಮತ್ತು ಬಳಗ.
ನಮ್ಮವರಲ್ಲಿ ಅದು ರೂಢಿ.
ನಿಜ ಹೆಸರು ತಿಳಿದರೆ ಹುಡುಕುತ್ತಾರೆ,
ಹುಡುಕಿದರೆ ಸಿಗುತ್ತದೆ, ಸಿಕ್ಕರೆ ಅಗ್ಗವಾಗುತ್ತದೆ.
ಹಾಡುವವಳು ಹೆಂಗಸು, ಕಾಗದದ ಮೇಲೆ ಗಂಡಸು.
ಯಾರೂ ಕೇಳಲಿಲ್ಲ. ಬೆಳಗಿನ ಜಾವ ಎರಡು ಗಂಟೆಗೆ
ಯಾರು ಏನು ಕೇಳುತ್ತಾರೆ.

ರೈಲ್ವೆ ನೌಕರರ ಕ್ಲಬ್ಬು. ಗೋಡೆಗೂ ಬೆವರು.
ಮರದ ನೆಲಕ್ಕೆ ಟಾಲ್ಕಂ ಪೌಡರ್ ಎರಚಿ
ಗಿರಣಿಯ ಹುಡುಗಿಯರು, ಗಣಿಯ ಹುಡುಗರು, ನಾನು.
ಹದಿನೇಳು ವಯಸ್ಸು, ಲಾಂಡ್ರಿಯಿಂದ ನೇರ ಬಸ್ಸಿಗೆ,
ಅಗಲ ಲಂಗ ಚೀಲದಲ್ಲಿ ಮಡಿಸಿಟ್ಟುಕೊಂಡು.
ಮುಳ್ಳು ಇಳಿಯುತ್ತಿತ್ತು. ಮೊದಲು ಚರಚರ.
ಆಮೇಲೆ ಅವಳು.
ಬಿಟ್ಟು ಹೋಗುವವನಿಗೆ ಬಾಗಿಲು ತೆರೆದು ಹಿಡಿದು
ಹೋಗು, ಆದರೆ ಟೋಪಿ ಮರೆಯಬೇಡ ಅನ್ನುವಂಥ ದನಿ.
ನಾವು ತಿರುಗಿದೆವು. ಬುಗುರಿಗೆ ದಾರದ ನೆನಪಿರುತ್ತದೆಯೇ?

ಕೀತನಿಗೆ ಕಾಗದವೂ ಸಾಲದಾಯಿತು.
ಯಾರಾದರೂ ಕಿತ್ತು ನೋಡಿಯಾರೆಂದು
ಅಡಿಯ ಅಚ್ಚಿನ ಹೆಸರನ್ನೇ ಬ್ಲೇಡಿನಿಂದ ಹೆರೆದ.
ಹೆಂಡತಿಗೊಬ್ಬಳಿಗೆ ಹೇಳಿದ್ದ, ಯಾವುದೋ ರಾತ್ರಿ.

ವಿಚ್ಛೇದನದಲ್ಲಿ ಎನಿಡ್ ಮನೆ ಕೇಳಲಿಲ್ಲ, ಕಾರು ಕೇಳಲಿಲ್ಲ.
ಹೆಸರು ತೆಗೆದುಕೊಂಡು ಹೋದಳು.
ಏಕೆಂದರೆ ಅಷ್ಟರಲ್ಲಿ ಅವನು ಮರೆತಿದ್ದ.
'ಡಿ' ಯಿಂದ ಶುರು, ಅನ್ನುತ್ತಿದ್ದ. ಅಲ್ಲ, 'ಬಿ'.

ಸತ್ತ ಮೇಲೆ ಅವನ ಪೆಟ್ಟಿಗೆ ನನಗೆ ಬಂತು.
ನಲವತ್ತು ವರ್ಷ ಆವಿಯ ಇಸ್ತ್ರಿ ಹಿಡಿದ ಕೈ,
ಕಾಗದ ಎಬ್ಬಿಸುವುದು ಕಷ್ಟವಾಗಲಿಲ್ಲ.
ಅಡಿಯಲ್ಲಿ ಬರೀ ಗೀರು. ಬೆಕ್ಕು ಪರಚಿದ ಬಾಗಿಲಿನ ಹಾಗೆ.

ಫ್ಲೀಟ್‌ವುಡ್‌ಗೆ ಹೋದೆ. ಎನಿಡ್ ಆಲೂಗಡ್ಡೆ ಸುಲಿಯುತ್ತಿದ್ದಳು.
'ಅವನೇ ಬಂದು ಕೇಳಿದ್ದರೆ ಹೇಳುತ್ತಿದ್ದೆ.
ಲಾಯರನ್ನು ಕಳಿಸಿದ.'
ಕೈ ತೊಳೆದಳು. ಒರೆಸಿಕೊಂಡಳು.
'ಅರ್ಡೆಲ್ಲಾ ಟ್ರಿಗ್ಸ್.'
ಅಷ್ಟೇ. ಮತ್ತೆ ಆಲೂಗಡ್ಡೆ.

ವಿಳಾಸ ಸಿಗಲು ಏಳು ತಿಂಗಳು ಹಿಡಿಯಿತು,
ಉತ್ತರ ಬರಲು ಒಂಬತ್ತು ದಿನ.
ಎಂಬತ್ತೊಂದು ವರ್ಷ. ಶಾಲೆಯ ಬಸ್ಸು ಓಡಿಸಿ ನಿವೃತ್ತಿ.
ನೀಲಿ ಶಾಯಿ, ನೆಟ್ಟಗಿನ ಅಕ್ಷರ:

*ಆ ದಿನ ಹೀಟರ್ ಕೆಟ್ಟಿತ್ತು, ಕೋಟು ತೆಗೆಯದೆ ಹಾಡಿದೆ.
ಒಂದೇ ಸಲ. ಇನ್ನೊಮ್ಮೆ ಅಂದೆ, ಟೇಪು ಮುಗಿದಿದೆ ಅಂದರು.
ದುಡ್ಡು ಹಾಕಿದವನದು ಷೂ ಅಂಗಡಿ.
ಕೂಲಿಗೆ ಬದಲು ಒಂದು ಜೊತೆ ಷೂ ಕೊಟ್ಟ,
ಅರ್ಧ ಅಳತೆ ಚಿಕ್ಕದು. ಎರಡು ಚಳಿಗಾಲ ಹಾಕಿದೆ.
ನೀವು ಅದಕ್ಕೆ ಕುಣಿದಿರಾ? ನಿಜವಾಗಿ?
ಅಲ್ಲಿ ನನ್ನ ಹೆಸರೇನೆಂದು ಗೊತ್ತಿತ್ತು?*

ಆ ಪ್ರಶ್ನೆಗೆ ಇನ್ನೂ ಉತ್ತರ ಬರೆದಿಲ್ಲ.

ಗೀರಿನ ಮೇಲೆಯೇ, ಮಸಿಯಲ್ಲಿ, ಹೆಸರು ಬರೆದೆ.
ಸ್ಟೋಕಿನ ವ್ಯಾಪಾರಿ ತಟ್ಟೆ ತಿರುಗಿಸಿ ನೋಡಿ
ಅಯ್ಯೋ, ಬೆಲೆ ಅರ್ಧಕ್ಕೆ ಇಳಿಸಿದೆಯಲ್ಲ ಮಾರಾಯ್ತಿ ಅಂದ.

ಹೋದ ಶನಿವಾರ ಕ್ಲಬ್ಬಿನಲ್ಲಿ ಮೈಕು ಹಿಡಿದು ಹೇಳಿದೆ:
ಅರ್ಡೆಲ್ಲಾ ಟ್ರಿಗ್ಸ್.
ಯಾರೂ ಅಲುಗಲಿಲ್ಲ.
ಮುಳ್ಳು ಇಳಿಯಿತು, ಚರಚರ, ಮೊದಲ ಸಾಲು.
'ಓ, ಡಡ್ಲಿ ಫ್ರಾಸ್ಟ್!' ಎಂದು ಕೂಗಿ
ಬೋಳುತಲೆಗಳು, ಬದಲಿ ಸೊಂಟಗಳು, ಎಲ್ಲರೂ ನೆಲಕ್ಕಿಳಿದರು.

ನಾನೂ ಇಳಿದೆ.
ಪೌಡರಿನ ಮೇಲೆ ಕಾಲು ಜಾರಿಸಿದೆ.
ನನ್ನ ಷೂ ನನಗೆ ಸರಿಯಾದ ಅಳತೆ.
ಐವತ್ತು ವರ್ಷಕ್ಕೆ ಮೊದಲ ಸಲ ಅದು ಗೊತ್ತಾಯಿತು.