ಲೆಕ್ಕದ ಪಟ್ಟಿಯ ಹಿಂದಿನ ಹಾಳೆ

ಹಳೇ ಸೇತುವೆ ನಡುರಾತ್ರಿ ಕಾಳಿಗೆ ಬಿದ್ದ ಮೇಲೆ
ನನ್ನ ಮಗನಿಗೆ ದಿನಾ ಬೆಳಿಗ್ಗೆ ಹೊಟ್ಟೆನೋವು.
ಜೀರಿಗೆ ಕಷಾಯ ಆಯಿತು, ಜಂತಿನ ಗುಳಿಗೆ ಆಯಿತು,
ಅತ್ತೆ ಉಪ್ಪು ಮೆಣಸು ಇಳಿಸಿ ಒಲೆಗೆ ಹಾಕಿ
ಚಟಪಟ ಅಂದದ್ದೇ ಸಾಕ್ಷಿ ಅಂದರು.
ಹೊಟ್ಟೆ ಆ ಸಾಕ್ಷಿಯನ್ನು ಒಪ್ಪಲಿಲ್ಲ.

ನಾನು ಮಾಜಾಳಿ ವಸತಿ ಬಸ್ಸಿನ ಕಂಡಕ್ಟರು.
ದಿನಕ್ಕೆ ಎಂಟು ಟ್ರಿಪ್ಪು, ಹೋಗಿ ಬಂದು ಹದಿನಾರು ಸಲ
ಹೊಸ ಸೇತುವೆಯ ಮೇಲೆ.
ಪಕ್ಕದಲ್ಲಿ ಮುರಿದದ್ದರ ಮೋಟು ಕಂಬ,
ಅದರ ಮೇಲೊಂದು ಬೆಳ್ಳಕ್ಕಿ.
ನೋಡಲು ಪುರುಸೊತ್ತೆಲ್ಲಿ?
ಕೋಡಿಬಾಗದಲ್ಲಿ ಹತ್ತಿದ ಮೀನಿನ ಬುಟ್ಟಿಗಳ ನಡುವೆ ನುಸಿದು
ಆಧಾರ್ ಕಾರ್ಡು ನೋಡಿ
ಸೊನ್ನೆ ಟಿಕೆಟ್ಟು ಹರಿದು ಕೊಡಬೇಕು.

"ಏನೂ ಆಗೂದಿಲ್ಲ ಮಗಾ" ಅಂದೆ.
ಎಷ್ಟು ಸಲ ಅಂದೆನೋ. ಒಮ್ಮೆ ಗದರಿಯೂ ಅಂದೆ.
ಅವನ ಅಪ್ಪ ಫೋನಿನಲ್ಲಿ, ಬೋಟಿನ ಗದ್ದಲದೊಳಗಿಂದ:
"ಗಂಡುಹುಡುಗ, ಸೇತುವೆಗೆ ಹೆದರೂದಾ?"
ಸರ್ವೇಶ ಫೋನು ನನ್ನ ಕೈಗಿಟ್ಟು
ಚಪ್ಪಲಿಯ ಬಾರು ಬಿಚ್ಚುತ್ತ, ಹಾಕುತ್ತ,
ಮತ್ತೆ ಬಿಚ್ಚುತ್ತ ಕೂತ.

ತಮಾಷೆಯೆಂದರೆ
ಅವನು ಸೇತುವೆ ದಾಟುವುದೇ ಇಲ್ಲ.
ಶಾಲೆ ಇರುವುದು ಗುಡ್ಡದ ಈಚೆಗೇ.
"ಪಾಠ ಬಿಟ್ಟು ಕಿಟಕಿಯಾಚೆ ನೋಡ್ತಾನೆ" ಅಂತ
ಅಕ್ಕೋರು ಚೀಟಿ ಕಳಿಸಿದ್ದರು.

ಆದಿತ್ಯವಾರ ಪಟ್ಟಿಗೆ ಬೈಂಡು ಹಾಕುವಾಗ ಕಂಡಿತು:
ಹಿಂದಿನ ಹಾಳೆಯ ತುಂಬ ಗೆರೆ,
ನಾಲ್ಕು ನಿಂತದ್ದು, ಒಂದು ಅಡ್ಡ.
ಪ್ರತಿ ತಾರೀಕಿನ ಎದುರು ಹದಿನಾರು.
ಒಂದು ತಾರೀಕಿಗೆ ಹದಿನೈದೇ,
ಅಲ್ಲಿ ಪೆನ್ಸಿಲ್ಲು ಹಾಳೆಯನ್ನು ತೂತು ಮಾಡಿತ್ತು.
ಅದು ಕ್ಲಚ್ಚು ಕೆಟ್ಟು ನಾನು ಆಚೆ ದಡದಲ್ಲಿ ಉಳಿದ ಸಂಜೆ.
ರಾತ್ರಿ ಟೆಂಪೋ ಹಿಡಿದು ಬಂದಾಗ
ಅನ್ನ ಮುಟ್ಟದೆ ಮಲಗಿದ್ದ.
ಹಟ ಅಂದುಕೊಂಡಿದ್ದೆ.

ದೀಪ ಆರಿಸಿದ ಮೇಲೆ ಹೇಳಿದೆ, ಕತ್ತಲಲ್ಲಿ ಹೇಳುವುದು ಸುಲಭ:
ನಂಗೂ ಹೆದರಿಕೆ ಆಗ್ತದೆ.
ಸೇತುವೆಯ ಜೋಡಣೆ ದಾಟುವಾಗ ಬಸ್ಸು ಧಡಕ್ ಅನ್ನುತ್ತದಲ್ಲ, ಆಗ.
ಎಷ್ಟೋ ಹೊತ್ತು ಸುಮ್ಮನಿದ್ದ.
"ಆಗ ನೀ ಏನು ಮಾಡ್ತೆ, ಆಯಿ?"
"ಚಿಲ್ಲರೆ ಎಣಿಸ್ತೆ."
ನಕ್ಕ. ಹದಿನೈದು ದಿನದಲ್ಲಿ ಮೊದಲ ಸಲ.

"ಆದ್ರೆ, ಬಿದ್ದರೆ?"
ಬೀಳುವುದಿಲ್ಲ ಎನ್ನಲು ಬಾಯಿ ತೆರೆದೆ. ಮುಚ್ಚಿದೆ.
ಎದ್ದು ಕೂತು ಇಬ್ಬರೂ ಪಂಚಾಯ್ತಿ ಮಾಡಿದೆವು.
ನಾನು ಬರದಿದ್ದರೆ ಮೊದಲು ಪಿಯೆದಾದ್ ಬಾಯಿಯ ಮನೆ,
ಅವಳ ನಾಯಿ ಬೊಗಳಿದರೂ ಸರಿ.
ಡಿಪೋದ ನಂಬರು ಬಾಯಿಪಾಠ (ಏಳರ ಮಗ್ಗಿಗಿಂತ ಬೇಗ ಬಂತು).
"ನಿನ್ನ ಆಯಿ ಕಳಿಸಿದಾಳೆ, ಗಾಡಿ ಹತ್ತು" ಅಂತ ಯಾರೇ ಬರಲಿ,
ಗುರುತಿನವರೇ ಇರಲಿ, ಚಾಕಲೇಟು ತರುವ ಮಾಮನೇ ಇರಲಿ,
ಒಂದು ಮಾತು ಕೇಳಬೇಕು.
ಆ ಮಾತನ್ನು ಅವನೇ ಆರಿಸಿದ.
ಇಲ್ಲಿ ಬರೆಯುವುದಿಲ್ಲ.

ಡ್ರೈವರ್ ಬೀರಣ್ಣ ಹೆಚ್ಚು ಕೇಳಲಿಲ್ಲ, ಅವನಿಗೂ ಇಬ್ಬರು.
ಈಚೆ ದಡ ಮುಟ್ಟಿದ ಕೂಡಲೇ ಎರಡು ಹಾರ್ನು, ಗಿಡ್ಡಗಿಡ್ಡ.
ಗುಡ್ಡದ ಕಿಟಕಿಯಲ್ಲಿ ಒಂದು ಕೈ.

ಹೊಟ್ಟೆನೋವು ಒಮ್ಮೆಲೇ ಹೋಗಲಿಲ್ಲ.
ಗಾಳಿ ಜೋರಾದ ದಿನ ಮರಳಿ ಬರುತ್ತದೆ,
ಬಂದರೆ ಬೈಯುವುದಿಲ್ಲ, ನೆಂಟನ ಹಾಗೆ ಕೂರಿಸುತ್ತೇವೆ.
ಗೆರೆ ಒಂಬತ್ತಾಯಿತು, ಮೂರಾಯಿತು,
ಒಂದು ದಿನ ಬರೀ ತಾರೀಕು.

ನಿನ್ನೆ ಎರಡು ಹಾರ್ನಿಗೂ ಕಿಟಕಿ ಖಾಲಿ.
ಬಾಗಿಲಿಂದ ಬಗ್ಗಿ ನೋಡಿದೆ:
ಗೇರುಮರದ ಬುಡದಲ್ಲಿ ಪೋರರ ಗುಂಪು,
ಚೆಂಡು ಯಾರದೋ ಮಾಡು ಹತ್ತಿದೆ, ಜಗಳ ಜೋರು,
ಅದರೊಳಗೆ ಅವನ ದನಿಯೂ.

"ಓ ಬಾಯೋರೇ, ಇದು ಯಾವ ಊರಿನ ಟಿಕೆಟು?"
ಬುಟ್ಟಿಯ ಹೆಂಗಸು ಚೀಟಿ ಎತ್ತಿ ತೋರಿಸಿದಳು.
ಮಾಜಾಳಿಯವಳಿಗೆ
ಸದಾಶಿವಗಡ ಹರಿದು ಕೊಟ್ಟಿದ್ದೆ.