ಡಬ್ಬಿ ನಂಬರ್ ನಲವತ್ತೊಂದು

ಚಪ್ಪಲಿ ಎಲ್ಲಿ ಕಳಚಿತೋ ಕಾಲಿಗೆ ಗೊತ್ತಾಗಲಿಲ್ಲ.
ಅಶೋಕ ರಸ್ತೆಯ ರೈಲ್ವೆ ಗೇಟು ದಾಟಿ
ನಾಲ್ಕು ಅಂಗಡಿ ಮುಂದೆ ಬಂದ ಮೇಲೆ
ಹೂವಿನವಳು ಕೂಗಿದಳು:
"ದಸ್ತಗಿರಣ್ಣಾ, ಒಂದು ಕಾಲು ಬರಿಗಾಲು!"
ಬಗ್ಗಿ ನೋಡಿದೆ. ಹೌದು.
ನೋಡಿದ್ದಕ್ಕೆ ಗೊತ್ತಾಯಿತು.

ಮೂವತ್ತೊಂದು ವರ್ಷ ಮಂಡಕ್ಕಿ ಭಟ್ಟಿಯ ಕೆಲಸ.
ಮರಳು ಕಾದದ್ದು ಕಿವಿಗೇ ತಿಳಿಯುತ್ತದೆ,
ಅಕ್ಕಿ ಅರಳುವ ಹೊತ್ತು ಮೂಗಿಗೆ.
ಪಾದ ಮಾತ್ರ ಹೇಳದೆ ಕೇಳದೆ ಕೆಲಸ ಬಿಟ್ಟಿದೆ.
ಹೋದ ರಂಜಾನಿನಲ್ಲಿ ಕೆಂಡ ತುಳಿದು ನಿಂತಿದ್ದೆ;
ಏನೋ ಸುಟ್ಟ ವಾಸನೆ ಅಂತ
ಬಾಣಲೆ ಇಳಿಸಿ ಹುಡುಕುತ್ತಿದ್ದೆ.

ರಾತ್ರಿಯದು ಬೇರೆ ಲೆಕ್ಕ.
ಹಗಲೆಲ್ಲ ಸತ್ತಂತಿದ್ದ ಬೆರಳುಗಳು
ಹನ್ನೆರಡಕ್ಕೆ ಎದ್ದು ಕೂರುತ್ತವೆ.
ಗಾರೆ ನೆಲಕ್ಕೆ ಒತ್ತಿಟ್ಟರೂ
ಹೊಟ್ಟು ಸುರಿದು ಊದಿದ ಹಾಗೆ ಉರಿ.
ಬಿಬಿಜಾನ್ ಮುಟ್ಟಿ ನೋಡಿ ಅನ್ನುತ್ತಾಳೆ:
"ತಣ್ಣಗೇ ಇವೆಯಲ್ರೀ."
ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಕೊಟ್ರೇಶಿ ಡಾಕ್ಟರು,
ಇನ್ನೂ ಮೀಸೆ ಬಲಿಯದ ಹುಡುಗ,
ಝಣಗುಟ್ಟುವ ಕವೆಯೊಂದನ್ನು
ಹೆಬ್ಬೆರಳ ಗೆಣ್ಣಿಗಿಟ್ಟು ಕೇಳಿದರು: "ಬಂತಾ?"
ಯಾರು ಬರಬೇಕಿತ್ತು ಸಾರ್, ಅಂದೆ.
ನೈಲಾನ್ ಎಳೆಯಿಂದ ಹತ್ತು ಕಡೆ ಚುಚ್ಚಿ
ಹತ್ತಕ್ಕೆ ಎರಡು ಅಂತ ಬರೆದುಕೊಂಡರು.
ಸ್ಕೂಲಿನಲ್ಲೂ ನನಗೆ ಅಷ್ಟೇ ಬೀಳುತ್ತಿತ್ತು.

ಆಮೇಲೆ ನೀಲಿ ಮುಚ್ಚಳದ ಡಬ್ಬಿ.
"ನಾಳೆ ಬೆಳಗಿನದು. ಕಡಲೆಕಾಳಷ್ಟಿದ್ದರೆ ಸಾಕು."
ನೋವು ಕಾಲಿಗೆ ಸಾರ್, ನೀವು ಕೇಳೋದು ಇದನ್ನಾ!
ಅವರು ನಗಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡರು.

ಕರುಳೊಳಗೆ ಊರಿಗೆ ಊರೇ ಇದೆಯಂತೆ,
ನಮಗೆ ಅರಗದ ನಾರೇ ಅವುಗಳ ರೇಷನ್ನು.
ಅದನ್ನು ಹುದುಗಿಸಿ ಒಂದು ಹುಳಿ ಕಾಸುತ್ತವಂತೆ,
ಬೆಣ್ಣೆಯ ಮೇಲೆ ಅದಕ್ಕೆ ಹೆಸರಂತೆ.
(ಬೆಣ್ಣೆದೋಸೆಯ ಊರಿನಲ್ಲಿ
ಬೆಣ್ಣೆ ಬಿಟ್ಟು ಆರು ವರ್ಷ ನನಗೆ.
ಒಳಗೊಂದು ಭಟ್ಟಿ ಇಷ್ಟು ದಿನ
ಕೂಲಿ ಕೇಳದೆ ಉರಿಯುತ್ತಿತ್ತೇ?)
ಸಕ್ಕರೆ ಏರಿದವರಲ್ಲಿ ಆ ಊರಿನ
ಕೆಲವು ಓಣಿ ಖಾಲಿಯಾಗಿರಬಹುದು;
ಅಲ್ಲಿನ ಬೀಗಕ್ಕೂ ಇಲ್ಲಿ ಹೆಬ್ಬೆರಳ ನರಕ್ಕೂ
ನಂಟು ಉಂಟೋ ಇಲ್ಲವೋ, ಅದೇ ಹುಡುಕಾಟ.

"ಉಂಟು ಅಂತಾದರೆ ವಾಸಿಯಾಗ್ತದಾ?"
"ಗೊತ್ತಿಲ್ಲ," ಅಂದರು.

ಇಪ್ಪತ್ತು ವರ್ಷದ ಚೀಟಿ, ಸೂಜಿ, ಸಾಲಿನಲ್ಲಿ
ಬಿಳಿ ಕೋಟಿನ ಬಾಯಿಂದ ಆ ಮಾತು
ಕೇಳಿದ್ದು ಅದೇ ಮೊದಲು.
ಅದಕ್ಕೇ ಸಹಿ ಹಾಕಿದೆ.

ಬೆಳಿಗ್ಗೆ ಷೇರ್ ಆಟೋ.
ಐಸಿನ ಚೀಲದೊಳಗೆ ನಲವತ್ತೊಂದು, ತೊಡೆಯ ಮೇಲೆ.
ಪಕ್ಕದ ಅಜ್ಜಿ ಕೇಳಿತು: "ಬುತ್ತಿನಾ ತಮ್ಮಾ?"
"ಹೂಂ ಅಜ್ಜಿ, ಉಂಡು ಮುಗಿದದ್ದು."

ಗೇಟಿನ ಹಳಿ ಮೇಲೆ ಆಟೋ ಕುಣಿಯಿತು.
ಎರಡೂ ಕೈಯಲ್ಲಿ ಅವುಚಿ ಹಿಡಿದೆ.
ಚೀಲದ ತಂಪು ಬೆರಳಿಗೆ ತಾಗಿತು.
ಕೈಗೆ ಇನ್ನೂ ತಿಳಿಯುತ್ತದೆ.